ಮಾತು ಇರುವಾಗಲೇ ಕೇಳಿಟ್ಟುಕೊಳ್ಳಿ

“ಇನ್ನೇನೂ ಮಾಡುವುದಕ್ಕಾಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ.” ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಈ ಮಾತು ಕೇಳಿಸಿಕೊಂಡವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರಿ? ಕೈ ಎತ್ತಬೇಕಾಗಿಲ್ಲ, ಮುಖ ನೋಡಿದರೇ ತಿಳಿಯುತ್ತದೆ. ನಮ್ಮಂಥ ಉಪಶಮನ ಆರೈಕೆಯ, ಅಂದರೆ ಕಾಯಿಲೆಯ ನೋವು ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್‌ನ, ವೈದ್ಯರ ಕೆಲಸ ಆ ಮಾತಿನ ನಂತರ ಶುರುವಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ವೈದ್ಯರಲ್ಲೂ ಅನೇಕರು ಹಾಗೆಯೇ ತಿಳಿದಿದ್ದಾರೆ. ನರರೋಗಗಳ ಮಟ್ಟಿಗೆ ಈ ತಿಳಿವಳಿಕೆ ಎಷ್ಟು ದುಬಾರಿಯಾಗುತ್ತದೆ ಎನ್ನುವುದೇ ನನ್ನ ಇವತ್ತಿನ ವಿಷಯ.

ಪ್ಯಾಲಿಯೇಟಿವ್ ಕೇರ್ ಬೆಳೆದದ್ದು ಮುಖ್ಯವಾಗಿ ಕ್ಯಾನ್ಸರ್ ರೋಗಿಗಳ ಹಾಸಿಗೆಯ ಪಕ್ಕದಲ್ಲಿ. 1967ರಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ಲಂಡನ್ನಿನಲ್ಲಿ ಕೊನೆಗಾಲದ ರೋಗಿಗಳ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಆಕೆ ಮೊದಮೊದಲಿನಿಂದಲೇ, ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ ಮೋಟಾರ್ ನ್ಯೂರಾನ್ ಕಾಯಿಲೆಯವರನ್ನೂ ಸೇರಿಸಿಕೊಳ್ಳುತ್ತಿದ್ದರು ಎನ್ನುವುದನ್ನು ನಾವು ಮರೆತಿದ್ದೇವೆ. ಪಕ್ಕದ ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಕೆಲಸ ಊರೂರಿಗೆ ಹಬ್ಬಿತು, ಅಲ್ಲಿನ ಸರ್ಕಾರ 2008ರಲ್ಲಿ ಅದಕ್ಕೊಂದು ನೀತಿಯನ್ನೇ ರೂಪಿಸಿತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿಯನ್ನೂ ಪಡೆಯದೆ ನೋಡಿಕೊಳ್ಳುತ್ತಿದೆ. ಹೀಗಾಗಿ ಈ ಆರೈಕೆ ಎಂದ ಕೂಡಲೇ ಜನರ ಮನಸ್ಸಿಗೆ ಕ್ಯಾನ್ಸರೇ ಬರುತ್ತದೆ. ಲಕ್ವ ಹೊಡೆದವರು, ಪಾರ್ಕಿನ್ಸನ್ ಇರುವವರು, ಮರೆವಿನ ಕಾಯಿಲೆಯವರು ಇದರ ಬಾಗಿಲಿಗೆ ಬರುವುದೇ ಅಪರೂಪ. ಜಗತ್ತಿನಲ್ಲಿ ಈ ಆರೈಕೆ ಬೇಕಾದವರಲ್ಲಿ ನೂರಕ್ಕೆ 14 ಮಂದಿಗೆ ಮಾತ್ರ ಅದು ಸಿಗುತ್ತಿದೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಹದಿನಾಲ್ಕರಲ್ಲಿ ನರರೋಗಿಗಳು ಎಷ್ಟಿರಬಹುದು, ನೀವೇ ಊಹಿಸಿ.

ಕ್ಯಾನ್ಸರಿಗೂ ಇವಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕ್ಯಾನ್ಸರ್ ಇರುವವರಲ್ಲಿ ಬಹಳಷ್ಟು ಮಂದಿ ಕಡೆಯ ಕೆಲವು ವಾರಗಳವರೆಗೂ ಮಾತನಾಡುತ್ತಾರೆ. ನೋವು ಎಲ್ಲಿ, ಏನು ಬೇಕು, ಯಾರನ್ನು ನೋಡಬೇಕು ಎಂದು ಹೇಳುತ್ತಾರೆ. ನರರೋಗಗಳಲ್ಲಿ ಜೀವ ಹೋಗುವುದಕ್ಕೆ ಎಷ್ಟೋ ಮೊದಲು ಮಾತು ಹೋಗುತ್ತದೆ. ಕೆಲವರಲ್ಲಿ ನಾಲಿಗೆಯೇ ತಿರುಗುವುದಿಲ್ಲ, ಕೆಲವರಲ್ಲಿ ಯೋಚನೆಯ ಎಳೆ ಕಡಿದುಹೋಗುತ್ತದೆ. ಆಮೇಲೆ ಎರಡು ವರ್ಷವೋ ಹತ್ತು ವರ್ಷವೋ ಅವರ ಪರವಾಗಿ ಬೇರೆಯವರು ತೀರ್ಮಾನ ಮಾಡಬೇಕು. ಆದ್ದರಿಂದ ಕಾಯಿಲೆಯ ಹೆಸರು ಗೊತ್ತಾದ ದಿನದಿಂದಲೇ ನಮ್ಮ ಕೆಲಸ ಶುರುವಾಗಬೇಕು. ಔಷಧಿ, ಫಿಸಿಯೋಥೆರಪಿ ನಡೆಯುತ್ತಲೇ ಇರಲಿ. ಅವುಗಳ ಜೊತೆಯಲ್ಲೇ ಇದೂ ನಡೆಯಲಿ.

ಎ.ಎಲ್.ಎಸ್. ಎನ್ನುವ ಕಾಯಿಲೆಯನ್ನು ತೆಗೆದುಕೊಳ್ಳಿ. ಮೋಟಾರ್ ನ್ಯೂರಾನ್ ಕಾಯಿಲೆಗಳಲ್ಲಿ ಹೆಚ್ಚು ಕಾಣುವುದು ಇದೇ. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಒಬ್ಬರಿಗೆ ಅಂಗಿಯ ಗುಂಡಿ ಹಾಕಲು ಬರುವುದಿಲ್ಲ, ಇನ್ನೊಬ್ಬರಿಗೆ ಚಪ್ಪಲಿ ಕಾಲಿನಿಂದ ಜಾರುತ್ತದೆ, ಮತ್ತೊಬ್ಬರ ಮಾತು ಕುಡಿದವರ ಮಾತಿನಂತೆ ತೊದಲುತ್ತದೆ. ಹೆಚ್ಚಿನವರ ಆಯುಷ್ಯ ಲಕ್ಷಣ ಕಂಡ ಮೇಲೆ ಮೂರರಿಂದ ಐದು ವರ್ಷ. ರಿಲುಜೋಲ್ ಎಂಬ ಮಾತ್ರೆ 1995ರಿಂದ ಬಳಕೆಯಲ್ಲಿದೆ. ಅದು ಸೇರಿಸುವುದು ಸರಾಸರಿ ಎರಡು ಮೂರು ತಿಂಗಳು.

ಇದನ್ನು ಹೇಳುವಾಗ ಕೋಣೆಯ ಹೊರಗೆ ಮಗನೋ ಅಳಿಯನೋ ನನ್ನನ್ನು ತಡೆದು ನಿಲ್ಲಿಸುತ್ತಾರೆ. “ಡಾಕ್ಟರೇ, ಅಪ್ಪನಿಗೆ ಮಾತ್ರ ಹೇಳಬೇಡಿ, ಎದೆಯೊಡೆದುಕೊಳ್ಳುತ್ತಾರೆ.” ನಾನು ಅವರೊಡನೆ ಜಗಳಕ್ಕೆ ಹೋಗುವುದಿಲ್ಲ. ಒಳಗೆ ಹೋಗಿ ರೋಗಿಯನ್ನೇ ಕೇಳುತ್ತೇನೆ: “ಕಾಯಿಲೆಯ ಬಗ್ಗೆ ನಿಮಗೆಷ್ಟು ಗೊತ್ತು? ಇನ್ನೆಷ್ಟು ತಿಳಿದುಕೊಳ್ಳುವ ಮನಸ್ಸಿದೆ?” ಕೆಲವರು “ಮಗನಿಗೆ ಹೇಳಿ, ಸಾಕು” ಎನ್ನುತ್ತಾರೆ. ಅದೂ ಒಂದು ಉತ್ತರವೇ, ಅದನ್ನು ಗೌರವಿಸುತ್ತೇನೆ. ಆದರೆ ಹೆಚ್ಚಿನವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, “ನನಗೆ ಗೊತ್ತಾಗಿದೆ, ಅವನಿಗೆ ಹೇಳಬೇಡಿ, ತಡೆದುಕೊಳ್ಳಲಾರ” ಎನ್ನುತ್ತಾರೆ. ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು, ಒಂದೇ ಮನೆಯಲ್ಲಿ ಇಬ್ಬರೂ ಒಂಟಿಯಾಗಿ ಅಳುತ್ತಿರುತ್ತಾರೆ. ಮಾತು ಇನ್ನೂ ಸ್ಪಷ್ಟವಾಗಿರುವ ಬೆಲೆಬಾಳುವ ತಿಂಗಳುಗಳು ಈ ಕಣ್ಣುಮುಚ್ಚಾಲೆಯಲ್ಲೇ ಕಳೆದುಹೋಗುತ್ತವೆ.

ಆಮೇಲೆ ಬರುವುದು ನುಂಗುವ ತೊಂದರೆ. ಊಟದ ನಡುವೆ ಕೆಮ್ಮು ಬಂದರೆ ನಮ್ಮಲ್ಲಿ “ನೆತ್ತಿಗೇರಿತು” ಎಂದು ತಲೆ ತಟ್ಟಿ, “ಯಾರೋ ನೆನೆಸಿಕೊಂಡರು” ಎಂದು ನಗುತ್ತೇವೆ. ನರರೋಗವಿರುವ ಮನೆಯಲ್ಲಿ ದಿನವೂ ನೆತ್ತಿಗೇರುತ್ತಿದ್ದರೆ ಯಾರೂ ನೆನೆಸಿಕೊಳ್ಳುತ್ತಿಲ್ಲ, ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸನಾಳಕ್ಕೆ ಹೋಗುತ್ತಿದೆ. ಕುಡಿಸುವುದು ಸುಲಭ ಎಂದುಕೊಂಡು ಮನೆಯವರು ನೀರು, ಕಾಫಿ, ತಿಳಿಸಾರು ಕೊಡುತ್ತಾರೆ. ಅತ್ಯಂತ ಅಪಾಯ ಇರುವುದು ಅವುಗಳಲ್ಲೇ, ತೆಳ್ಳಗಿನದು ಗಂಟಲಿನಲ್ಲಿ ಹಿಡಿತಕ್ಕೆ ಸಿಗದೆ ಓಡುತ್ತದೆ. ಸ್ವಲ್ಪ ಮಂದವಾದ ರಾಗಿ ಗಂಜಿ, ಚೆನ್ನಾಗಿ ಕಿವುಚಿದ ಮೊಸರನ್ನ, ಹಿಸುಕಿದ ಬಾಳೆಹಣ್ಣು ವಾಸಿ. ನೇರವಾಗಿ ಕೂರಿಸಿ, ಗಲ್ಲ ಎದೆಯ ಕಡೆಗೆ ತುಸು ಬಾಗಿರಲಿ, ಚಿಕ್ಕ ಚಮಚದಲ್ಲಿ ಕೊಡಿ, ಒಂದು ತುತ್ತು ಪೂರ್ತಿ ಇಳಿದ ಮೇಲೆ ಮುಂದಿನದು. ಟಿ.ವಿ. ಆರಿಸಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ತಲೆ ಹಿಂದಕ್ಕೆ ವಾಲಿಸಿ ಬಾಯಿಗೆ ಸುರಿಯುವುದನ್ನಂತೂ ಇವತ್ತೇ ನಿಲ್ಲಿಸಿ.

ಎ.ಎಲ್.ಎಸ್.ನಲ್ಲಿ ಹೊಟ್ಟೆಗೆ ನೇರವಾಗಿ ಕೂರಿಸುವ ನಳಿಕೆಯಿಂದ ಅನೇಕರಿಗೆ ಉಪಯೋಗವಿದೆ, ಅದಕ್ಕೆ ಪೆಗ್ ಎನ್ನುತ್ತಾರೆ. ಆದರೆ ಉಸಿರಾಟದ ಬಲ ಅರ್ಧಕ್ಕೆ ಇಳಿಯುವ ಮೊದಲೇ ಅದನ್ನು ಹಾಕಿಸಿದರೆ ಕ್ಷೇಮ. “ಈಗ ಚೆನ್ನಾಗಿಯೇ ಉಣ್ಣುತ್ತಿದ್ದಾರಲ್ಲ, ಆಮೇಲೆ ನೋಡೋಣ” ಎಂದರೆ ಆಮೇಲೆ ಕಷ್ಟವಾಗುತ್ತದೆ. ಈ ಕಾಯಿಲೆಗಳಲ್ಲಿ ಬಹುತೇಕ ತೀರ್ಮಾನಗಳಿಗೆ ಹೀಗೊಂದು ಗಡುವು ಇರುತ್ತದೆ.

ನೋಡುವುದಕ್ಕೆ ಸಣ್ಣದಾಗಿ ಕಂಡರೂ ಬದುಕನ್ನು ಹಿಂಡಿಹಾಕುವ ಸಂಗತಿಗಳಿವೆ. ಬಾಯಿಯಿಂದ ಸದಾ ಜೊಲ್ಲು ಸುರಿಯುವುದು ಅದರಲ್ಲೊಂದು. ನಾಲ್ಕು ಜನರ ಮುಂದೆ ಕೂರಲು ನಾಚಿಕೊಂಡು ಮೇಷ್ಟರೊಬ್ಬರು ಜಗಲಿಗೆ ಬರುವುದನ್ನೇ ಬಿಟ್ಟಿದ್ದರು. ಕಣ್ಣಿಗೆ ಹಾಕುವ ಅಟ್ರೋಪಿನ್ ಹನಿಯನ್ನು ವೈದ್ಯರು ಹೇಳಿದ ಅಳತೆಯಲ್ಲಿ ನಾಲಿಗೆಯ ಕೆಳಗೆ ಹಾಕಿದರೆ, ಅಥವಾ ಅಮಿಟ್ರಿಪ್ಟಿಲಿನ್ ಎಂಬ ಅಗ್ಗದ ಮಾತ್ರೆ ಕೊಟ್ಟರೆ ಬಹಳ ಮಂದಿಗೆ ಕಡಿಮೆಯಾಗುತ್ತದೆ. ಇನ್ನೊಂದು, ಕಾರಣವಿಲ್ಲದ ನಗು ಮತ್ತು ಅಳು. ಸಾವಿನ ಮನೆಗೆ ಹೋದವರು ತಡೆಯಲಾಗದೆ ನಗುತ್ತಾರೆ, ಮನೆಯವರು ತಲೆತಗ್ಗಿಸುತ್ತಾರೆ. ಒಳಗೆ ದುಃಖವೇ ಇರುತ್ತದೆ, ನಗುವಿನ ಮೇಲಿನ ಲಗಾಮು ಮೆದುಳಿನಲ್ಲಿ ಸಡಿಲವಾಗಿರುತ್ತದೆ, ಅಷ್ಟೇ. ಇದಕ್ಕೂ ಮಾತ್ರೆ ಇದೆ. ಕೇಳಿದರೆ ತಾನೇ ಕೊಡುವುದು?

ಮಾತು ಹೋದ ಮೇಲೆ ಏನು ಮಾಡುವುದು? ಕಣ್ಣಿನಿಂದ ನಡೆಸುವ ಕಂಪ್ಯೂಟರುಗಳಿವೆ, ಬೆಲೆ ಎಲ್ಲರ ಕೈಗೆಟುಕುವುದಲ್ಲ. ನಮ್ಮ ವರ್ಣಮಾಲೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅಕ್ಷರಗಳು ಮೊದಲೇ ಸಾಲು ಸಾಲಾಗಿ ಜೋಡಣೆಯಾಗಿವೆಯಲ್ಲ! ರೋಗಿಯ ಎದುರು ಕೂತು “ಕ ಸಾಲು, ಚ ಸಾಲು, ಟ ಸಾಲು, ತ ಸಾಲು, ಪ ಸಾಲು” ಎಂದು ನಿಧಾನವಾಗಿ ಹೇಳುತ್ತಾ ಹೋಗಿ. ಬೇಕಾದ ಸಾಲು ಬಂದಾಗ ಅವರು ಕಣ್ಣು ಮುಚ್ಚಿ ತೆರೆಯುತ್ತಾರೆ. ಆಮೇಲೆ ಆ ಸಾಲಿನ ಅಕ್ಷರಗಳನ್ನು ಹೇಳಿ. ಒಂದು ಮನೆಯಲ್ಲಿ ಮೊದಲ ಸಲ ಹೀಗೆ ಮಾಡಿದಾಗ ಎಲ್ಲರೂ ಸುತ್ತ ನೆರೆದಿದ್ದರು, ಯಜಮಾನರು ಏನೋ ದೊಡ್ಡ ಮಾತು ಹೇಳುತ್ತಾರೆ ಎಂದು. ಪ ಸಾಲಿನಲ್ಲಿ ಕಣ್ಣು ಮಿಟುಕಿತು. ಪ ಅಲ್ಲ, ಫ. ಮಗ “ಫೋನಾ?” ಎಂದ. ರೆಪ್ಪೆ ಅಲ್ಲಾಡಲಿಲ್ಲ. ಸೊಸೆ ಮೇಲೆ ನೋಡಿ “ಫ್ಯಾನಾ ಮಾವ?” ಎಂದಳು. ಕಣ್ಣು ಗಟ್ಟಿಯಾಗಿ ಮುಚ್ಚಿ ತೆರೆಯಿತು. ಸೆಖೆಯಾದೀತು ಎಂದು ಮನೆಯವರು ಪ್ರೀತಿಯಿಂದ ಹಾಕಿಟ್ಟಿದ್ದ ಫ್ಯಾನಿನ ಕೆಳಗೆ ಅವರು ಚಳಿಯಲ್ಲಿ ನಡುಗುತ್ತಾ ಮಲಗಿದ್ದರು. ಈ ಅಭ್ಯಾಸವನ್ನು ಮಾತು ಪೂರ್ತಿ ಹೋಗುವ ಮುಂಚೆಯೇ ಶುರುಮಾಡಿ. ಜೊತೆಗೆ, ದನಿ ಚೆನ್ನಾಗಿರುವಾಗ ಅವರ ಮಾತುಗಳನ್ನು ಮೊಬೈಲಿನಲ್ಲಿ ಮುದ್ರಿಸಿಟ್ಟುಕೊಳ್ಳಿ. ಮೊಮ್ಮಗಳ ಹೆಸರು ಕರೆಯುವುದು, “ಸಾಕು”, “ನೋಯುತ್ತಿದೆ”, “ಇಲ್ಲಿ ಬಾ”. ಇಷ್ಟೇ ಸಾಕು.

ಉಸಿರಾಟದ ವಿಷಯಕ್ಕೆ ಬರುತ್ತೇನೆ. ಬೆಳಗ್ಗೆ ಏಳುವಾಗಲೇ ತಲೆನೋವು, ಅಂಗಾತ ಮಲಗಲಾಗದಿರುವುದು, ರಾತ್ರಿ ಮೇಲಿಂದ ಮೇಲೆ ಎಚ್ಚರ, ಹಗಲೆಲ್ಲ ತೂಕಡಿಕೆ, ಇವು ಉಸಿರಾಟದ ಸ್ನಾಯುಗಳು ಸೋಲುತ್ತಿರುವ ಗುರುತು. ಈ ಹಂತದಲ್ಲಿ ಬೈಪ್ಯಾಪ್ ಎಂಬ ಮುಖವಾಡದ ಯಂತ್ರ ಬಹಳ ನೆರವಾಗುತ್ತದೆ. ನಿದ್ದೆ ಸುಧಾರಿಸುತ್ತದೆ, ಎಷ್ಟೋ ಮಂದಿಯ ಆಯುಷ್ಯವೂ ಹೆಚ್ಚುತ್ತದೆ. ಹಳ್ಳಿಯಲ್ಲಿರುವವರು ಯಂತ್ರದ ಜೊತೆಗೆ ಇನ್ವರ್ಟರಿಗೂ ಲೆಕ್ಕ ಹಾಕಿಕೊಳ್ಳಿ, ಮಳೆಗಾಲದಲ್ಲಿ ಕರೆಂಟು ನಮ್ಮ ಮಾತು ಕೇಳುವುದಿಲ್ಲ.

ಇದಾವುದನ್ನೂ ಮೊದಲೇ ಮಾತನಾಡದ ಮನೆಯಲ್ಲಿ ಏನಾಗುತ್ತದೆ ಎಂದು ಹೇಳುತ್ತೇನೆ. ನಡುರಾತ್ರಿ ಉಸಿರು ಕಟ್ಟುತ್ತದೆ. ಆಂಬುಲೆನ್ಸ್, ತುರ್ತು ಚಿಕಿತ್ಸಾ ಘಟಕ. ಅಲ್ಲಿನ ಕಿರಿಯ ವೈದ್ಯರಿಗೆ ಈ ಮನುಷ್ಯ ಯಾರೆಂದು ಗೊತ್ತಿಲ್ಲ. ಗಂಟಲಿಗೆ ಕೊಳವೆ ಇಳಿಸಿ ವೆಂಟಿಲೇಟರಿಗೆ ಹಾಕುತ್ತಾರೆ. ಅವರು ಮಾಡಿದ್ದು ಸರಿಯೇ, ಅವರಿಗೆ ಬೇರೆ ದಾರಿ ಏನಿದೆ? ಆದರೆ ಸ್ನಾಯುಗಳಿಗೆ ಮತ್ತೆ ಬಲ ಬರುವುದಿಲ್ಲವಾದ್ದರಿಂದ ಯಂತ್ರದಿಂದ ಹೊರಬರುವುದು ಆಗುವುದಿಲ್ಲ. ಕತ್ತಿನಲ್ಲಿ ತೂತು, ಐಸಿಯು ಬಿಲ್ಲು, ಸೈಟು ಮಾರಾಟ. ಎಚ್ಚರವಿರುವ ಮನುಷ್ಯ ಮಾತ್ರ ಸೂರು ನೋಡುತ್ತಾ ಮಲಗಿರುತ್ತಾನೆ. ಅವನಿಗೆ ಇದು ಬೇಕಿತ್ತೇ? ಬೇಕಿದ್ದಿರಬಹುದು. ಯಾರೂ ಕೇಳಿರಲಿಲ್ಲ.

“ಸ್ಟೀಫನ್ ಹಾಕಿಂಗ್ ಅಷ್ಟು ವರ್ಷ ಬದುಕಲಿಲ್ಲವೇ?” ಎಂದು ಪ್ರತಿ ಸಭೆಯಲ್ಲೂ ಒಬ್ಬರು ಕೇಳುತ್ತಾರೆ, ಆದ್ದರಿಂದ ನಾನೇ ಮೊದಲು ಹೇಳಿಬಿಡುತ್ತೇನೆ. ಆ ಭೌತವಿಜ್ಞಾನಿಗೆ ಇದೇ ಎ.ಎಲ್.ಎಸ್. ಪತ್ತೆಯಾದದ್ದು 1963ರಲ್ಲಿ, 21ನೆಯ ವಯಸ್ಸಿನಲ್ಲಿ. ತೀರಿಕೊಂಡದ್ದು 2018ರಲ್ಲಿ. ಅವರ ಕಾಯಿಲೆ ಅಪರೂಪಕ್ಕೆ ನಿಧಾನವಾದದ್ದು. 1985ರಲ್ಲಿ ನ್ಯುಮೋನಿಯಾ ಆಗಿ ವೆಂಟಿಲೇಟರಿನಲ್ಲಿದ್ದಾಗ ಅದನ್ನು ನಿಲ್ಲಿಸುವ ಮಾತು ಬಂತು, ಅವರ ಹೆಂಡತಿ ಒಪ್ಪಲಿಲ್ಲ. ಆಮೇಲೆ ಹಗಲೂ ರಾತ್ರಿ ದಾದಿಯರ ಆರೈಕೆ ಬೇಕಾಯಿತು. ಯಂತ್ರ ಬೇಡ ಎಂದು ಹೇಳಲು ನಾನು ಇಲ್ಲಿಗೆ ಬಂದಿಲ್ಲ. ಬೇಕು ಎನ್ನುವವರಿಗೆ ಅದು ಸಿಗಬೇಕು, ಬೇಡ ಎನ್ನುವವರ ಮೇಲೆ ಅದನ್ನು ಹೇರಬಾರದು. ಎರಡಕ್ಕೂ ಮೊದಲು ಅವರನ್ನು ಕೇಳಬೇಕು.

ಬೇಡ ಎಂದವರು ಉಸಿರುಗಟ್ಟಿ ನರಳಬೇಕೇ? ಇಲ್ಲ. ಮಾರ್ಫಿನ್ ಅತಿ ಸಣ್ಣ ಪ್ರಮಾಣದಲ್ಲಿ ಉಸಿರಾಟದ ಸಂಕಟವನ್ನು ತಗ್ಗಿಸುತ್ತದೆ. ಮಾರ್ಫಿನ್ ಎಂದ ಕೂಡಲೇ ಚಟ, ಪೊಲೀಸು, ಸಾವು ಎಂದು ಹೆದರುತ್ತಾರೆ. ಬಲ್ಲವರು ಅಳತೆ ನೋಡಿಕೊಂಡು ಕೊಟ್ಟರೆ ಅದು ಬಲು ಸಾಧು ಔಷಧಿ. ಹಿಂದೆ ಅದಕ್ಕೆ ಹಲವು ಪರವಾನಗಿಗಳು ಬೇಕಿದ್ದವು, 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿ ತಂದು ಸರಳಗೊಳಿಸಿದರು. ಕಾನೂನು ಸಡಿಲವಾದರೂ ಭಯ ಸಡಿಲವಾಗಿಲ್ಲ.

ಪಾರ್ಕಿನ್ಸನ್ ಬಗ್ಗೆ ಕೇಳಬೇಕೆಂದೇ ಬಂದವರು ಹಲವರಿದ್ದೀರಿ, ಕೈ ನಡುಗುವುದನ್ನು ಇಲ್ಲಿಂದಲೇ ನೋಡುತ್ತಿದ್ದೇನೆ. ಇದು ದೀರ್ಘ ಪ್ರಯಾಣ, ಒಳ್ಳೆಯ ವರ್ಷಗಳು ಬಹಳ ಇವೆ. ಮುಖದ ಸ್ನಾಯುಗಳು ಬಿಗಿಯುವುದರಿಂದ ಮುಖದಲ್ಲಿ ಭಾವ ಕಾಣುವುದಿಲ್ಲ. “ಇವರು ಸದಾ ಮುಖ ಗಂಟಿಕ್ಕಿಕೊಂಡೇ ಇರುತ್ತಾರೆ” ಎಂದು ಹೆಂಡತಿ ದೂರುತ್ತಾರೆ. ನೋವಿದ್ದರೂ ಅದೇ ಮುಖ, ಖುಷಿಯಿದ್ದರೂ ಅದೇ ಮುಖ. ಆದ್ದರಿಂದ ಮುಖ ನೋಡಿ ತೀರ್ಮಾನಿಸಬೇಡಿ, ಬಾಯಿಬಿಟ್ಟು ಕೇಳಿ. ಭುಜ, ಸೊಂಟ, ಕಾಲಿನ ನೋವು ಈ ಕಾಯಿಲೆಯಲ್ಲಿ ಬಹಳ ಸಾಮಾನ್ಯ, ಎಷ್ಟೋ ಸಲ ಮಾತ್ರೆಯ ಸಮಯ ಸರಿಪಡಿಸಿದರೇ ಕಡಿಮೆಯಾಗುತ್ತದೆ.

ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆಗೆ ಸೇರಿದಾಗ ಇವರಿಗೆ ಎರಡು ಅಪಾಯ. ಒಂದು, ಆಪರೇಷನ್ನಿಗೆ ಹೊಟ್ಟೆ ಖಾಲಿ ಇರಬೇಕು ಎಂದು ಪಾರ್ಕಿನ್ಸನ್‌ಗೆ ದಿನವೂ ನುಂಗುವ ಲೆವೊಡೋಪ ಮಾತ್ರೆ ನಿಲ್ಲುತ್ತದೆ. ದೇಹ ಮರಗಟ್ಟುತ್ತದೆ, ನುಂಗುವುದು ನಿಲ್ಲುತ್ತದೆ, ಕೆಲವೊಮ್ಮೆ ಜ್ವರ ಏರಿ ಪ್ರಾಣಕ್ಕೇ ಬರುತ್ತದೆ. ಇನ್ನೊಂದು, ವಾಂತಿ ಎಂದಾಗ ನಮ್ಮ ವಾರ್ಡುಗಳಲ್ಲಿ ಮೊದಲು ಕೈಗೆ ಬರುವುದು ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್, ಅಂದರೆ ನೀವು ಪೆರಿನಾರ್ಮ್ ಎಂದು ಕೇಳಿರುವುದು. ಪಾರ್ಕಿನ್ಸನ್ ಇರುವವರಿಗೆ ಅದು ಕೂಡದು. ರಾತ್ರಿ ಗಲಾಟೆ ಮಾಡಿದರು ಎಂದು ಕೊಡುವ ಹ್ಯಾಲೊಪೆರಿಡಾಲೂ ಕೂಡದು. ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಮಾತ್ರೆಯ ಹೊತ್ತು ಮತ್ತು ಈ ಎರಡು ಹೆಸರು ಬರೆದು ಮಂಚದ ತಲೆಗೆ ಕಟ್ಟಿ. ನರ್ಸ್ ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ನಸುಗುನ್ನಿ ಪುಡಿಯ ಬಗ್ಗೆಯೂ ಕೇಳುತ್ತೀರಿ. ಮೈಗೆ ತಾಗಿದರೆ ನವೆ ಏಳಿಸುವ ಆ ಕಾಯಿಯ ಬೀಜದಲ್ಲಿ ನಿಜವಾಗಿಯೂ ಲೆವೊಡೋಪ ಇದೆ, ಭಾರತದ ವಿಜ್ಞಾನಿಗಳೇ 1937ರಲ್ಲಿ ಅದನ್ನು ಬೇರ್ಪಡಿಸಿದರು. ಆದ್ದರಿಂದಲೇ ಎಚ್ಚರ ಬೇಕು. ಪುಡಿಯಿಂದ ಪುಡಿಗೆ ಅಂಶ ಬದಲಾಗುತ್ತದೆ, ಮಾತ್ರೆಯ ಜೊತೆ ಸೇರಿದರೆ ಅತಿಯಾಗುತ್ತದೆ. ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

ಮರೆವಿನ ಕಾಯಿಲೆ, ಡಿಮೆನ್ಷಿಯಾ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ, ಅಂದರೆ 88 ಲಕ್ಷದಷ್ಟು ಜನರಿಗೆ ಇದೆ ಎಂದು ಅಂದಾಜಿದೆ. ಇದರ ಕೊನೆಯ ಹಂತದಲ್ಲಿ ಊಟ ನಿಲ್ಲುತ್ತದೆ. ಆಗ ಮೂಗಿನಿಂದ ನಳಿಕೆ ಹಾಕುತ್ತಾರೆ. ಅಜ್ಜಿಗೆ ಅದು ಏಕೆಂದು ಗೊತ್ತಾಗುವುದಿಲ್ಲ, ಕಿತ್ತೆಸೆಯುತ್ತಾರೆ. ಮತ್ತೆ ಹಾಕುತ್ತಾರೆ, ಮತ್ತೆ ಕೀಳುತ್ತಾರೆ. ಮೂರನೆಯ ಸಲ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟುತ್ತಾರೆ. ಐವತ್ತು ವರ್ಷ ಆ ಮನೆಗೆ ಅಡುಗೆ ಮಾಡಿ ಬಡಿಸಿದ ಕೈಗಳು ಅವು. ಮುಂದುವರಿದ ಡಿಮೆನ್ಷಿಯಾದಲ್ಲಿ ನಳಿಕೆಯಿಂದ ಆಯುಷ್ಯ ಹೆಚ್ಚುವುದೂ ಕಂಡುಬಂದಿಲ್ಲ, ನ್ಯುಮೋನಿಯಾ ತಪ್ಪುವುದೂ ಕಂಡುಬಂದಿಲ್ಲ. ಕೈಯಿಂದ ತಾಳ್ಮೆಯಾಗಿ, ಅವರು ತೆಗೆದುಕೊಂಡಷ್ಟು ಉಣ್ಣಿಸುವುದೇ ಮೇಲು ಎನ್ನುತ್ತದೆ ಅಮೆರಿಕದ ವೃದ್ಧರೋಗ ತಜ್ಞರ ಸಂಘ. ಅವರಿಗಿಷ್ಟವಾದ ಪಾಯಸ ಎರಡು ಚಮಚ ಹೋದರೂ ಸರಿ. “ಅನ್ನ ಹಾಕದೆ ಕೊಂದರು ಎಂದು ನೆಂಟರು ಆಡಿಕೊಳ್ಳುತ್ತಾರೆ” ಎಂದು ಮಕ್ಕಳು ಹೆದರುತ್ತಾರೆ. ಕಾಯಿಲೆಯಿಂದ ದೇಹ ಮುಗಿಯುತ್ತಾ ಬಂದಾಗ ಹಸಿವೂ ಹೋಗುತ್ತದೆ. ಊಟ ನಿಂತದ್ದರಿಂದ ಸಾವು ಬರುತ್ತಿಲ್ಲ, ಸಾವು ಹತ್ತಿರವಾದದ್ದರಿಂದ ಊಟ ನಿಂತಿದೆ. ಬೇಕಾದರೆ ಆ ನೆಂಟರನ್ನೂ ನನ್ನ ಬಳಿ ಕಳುಹಿಸಿ, ಅವರಿಗೂ ಹೇಳುತ್ತೇನೆ.

ಇಷ್ಟೊತ್ತು ವರ್ಷಗಟ್ಟಲೆ ನಡೆಯುವ ಕಾಯಿಲೆಗಳ ಬಗ್ಗೆ ಹೇಳಿದೆ. ದಿನಗಳಲ್ಲಿ ಮುಗಿಯುವ ನರರೋಗವೂ ಒಂದಿದೆ, ರೇಬೀಸ್. ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಕರ್ನಾಟಕದಲ್ಲಿ 2022ರಿಂದ ಇದು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. “ಏನೂ ಮಾಡಲಾಗದು” ಎಂದು ಇವರನ್ನು ಬರಿಗೈಯಲ್ಲಿ ಮನೆಗೆ ಕಳುಹಿಸುವುದನ್ನು ಕಂಡಿದ್ದೇನೆ. ಬಾಯಾರಿ ಸಾಯುತ್ತಿರುವವನಿಗೆ ನೀರು ಕಂಡರೆ ಗಂಟಲು ಸೆಟೆದುಕೊಳ್ಳುವ ಆ ಭೀತಿಯಲ್ಲಿ ಒಂದು ನಿದ್ದೆಯ ಔಷಧಿಯೂ ಇಲ್ಲದೆ ಬಿಡುವುದು ಕ್ರೌರ್ಯ. ಬೆಳಕು, ಸದ್ದು, ಗಾಳಿ ಕಡಿಮೆಯಿರುವ ಕೋಣೆ, ನಿದ್ದೆ ಬರಿಸುವ ಮಿಡಜೋಲಮ್ ಸಾಕಷ್ಟು, ಮಾರ್ಫಿನ್, ಕೈ ಹಿಡಿದು ಕೂರುವ ಒಬ್ಬರು. ಕೈಗವಸು, ಮಾಸ್ಕ್ ಹಾಕಿಕೊಂಡು ಮನೆಯವರು ಬಳಿಯಲ್ಲಿರಬಹುದು. ಅಂಗಾಂಗ ಕಸಿಯ ಮೂಲಕ ಬಿಟ್ಟರೆ ಮನುಷ್ಯರಿಂದ ಮನುಷ್ಯರಿಗೆ ಇದು ಹರಡಿದ್ದು ಖಚಿತಪಟ್ಟಿಲ್ಲ.

ನೋಡಿಕೊಳ್ಳುವವರ ಬಗ್ಗೆ ಹೇಳದಿದ್ದರೆ ಅರ್ಧ ಸಭೆಗೆ ಅನ್ಯಾಯವಾಗುತ್ತದೆ. ಹೆಂಡತಿ, ಸೊಸೆ, ಮದುವೆಯಾಗದೆ ಉಳಿದ ಮಗಳು, ಹೆಚ್ಚಾಗಿ ಇವರೇ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿ, ಇಲ್ಲವಾದರೆ ಹಾಸಿಗೆ ಹುಣ್ಣಾಗುತ್ತದೆ ಎಂದು ನಾವು ವೈದ್ಯರು ಸುಲಭವಾಗಿ ಹೇಳಿಬಿಡುತ್ತೇವೆ. ಅಂದರೆ ರಾತ್ರಿ ಎಷ್ಟು ಸಲ ಏಳಬೇಕು ಎಂದು ಲೆಕ್ಕ ಹಾಕುವುದಿಲ್ಲ. ಒಂದು ಉಪಾಯ: ಹಳೆಯ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ರೋಗಿಯ ಭುಜದಿಂದ ತೊಡೆಯವರೆಗೆ ಅಡಿಯಲ್ಲಿ ಹಾಸಿ. ಇಬ್ಬರು ಎರಡು ಬದಿಯಲ್ಲಿ ಸೀರೆ ಹಿಡಿದು ಎತ್ತಿ ಸರಿಸಿ. ಕಂಕುಳಿಗೆ ಕೈ ಹಾಕಿ ಎಳೆದರೆ ಅವರ ಭುಜವೂ ಹೋಗುತ್ತದೆ, ನಿಮ್ಮ ಸೊಂಟವೂ ಹೋಗುತ್ತದೆ. ಬೇರೆ ಊರಿನಲ್ಲಿರುವ ಅಣ್ಣತಮ್ಮಂದಿರು ಫೋನಿನಲ್ಲಿ ಸಲಹೆ ಕೊಡುವ ಬದಲು ತಿಂಗಳಲ್ಲಿ ನಾಲ್ಕು ದಿನ ಬಂದು ಕೂರಲಿ, ಆಕೆ ತವರಿಗೋ ಸಿನಿಮಾಕ್ಕೋ ಹೋಗಿ ಬರಲಿ.

ನೆರವು ಎಲ್ಲಿ ಸಿಗುತ್ತದೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳಿಗಾಗಿಯೇ ಉಪಶಮನ ಆರೈಕೆಯ ಕೆಲಸ ನಡೆಯುತ್ತಿದೆ. ಆಯುಷ್ಮಾನ್ ಆರೋಗ್ಯ ಮಂದಿರಗಳು ಕೊಡಬೇಕಾದ ಸೇವೆಗಳ ಪಟ್ಟಿಯಲ್ಲಿ ವೃದ್ಧರ ಆರೈಕೆಯೂ ಪ್ಯಾಲಿಯೇಟಿವ್ ಕೇರ್ ಕೂಡ ಇದೆ. ಪಟ್ಟಿಯಲ್ಲಿರುವುದೆಲ್ಲ ಊರಿಗೆ ಬಂದಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಬಂದಿಲ್ಲವಾದರೆ ಮತ್ತೆ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಮಸ್ಕ್ಯುಲರ್ ಡಿಸ್ಟ್ರೋಫಿ ಸೇರಿವೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ.

ಇನ್ನು ಕಾನೂನು. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. ಮೊದಲು ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, 2023ರಲ್ಲಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು ಎಂದಾಯಿತು. ಇಬ್ಬರು ಸಾಕ್ಷಿಗಳಿರಬೇಕು. ನಿಮಗೆ ತೀರ್ಮಾನಿಸುವ ಶಕ್ತಿ ಇಲ್ಲದಾಗ ನಿಮ್ಮ ಪರವಾಗಿ ಮಾತನಾಡುವವರು ಯಾರು ಎಂದು ಅದರಲ್ಲಿ ಬರೆಯಬೇಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ಚಿಕಿತ್ಸೆ ನಿಲ್ಲಿಸುವ ಮುನ್ನ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರ ಅಥವಾ ನೀವು ಹೆಸರಿಸಿದವರ ಸಮ್ಮತಿ ಬೇಕು. ಚುಚ್ಚುಮದ್ದು ಕೊಟ್ಟು ಸಾಯಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಈಗಲೂ ಅಪರಾಧ.

ಡಿಮೆನ್ಷಿಯಾ ಶುರುವಾಗಿದ್ದರೆ ಈ ಪತ್ರಕ್ಕೆ ಹೊತ್ತು ಬಹಳ ಕಡಿಮೆ, ಬರೆಯುವಾಗ ಬುದ್ಧಿ ಸ್ಥಿಮಿತದಲ್ಲಿರಬೇಕು. ಇವತ್ತು ರಾತ್ರಿಯೇ ನೋಟರಿಯನ್ನು ಹುಡುಕಿ ಎಂದು ನಾನು ಹೇಳುತ್ತಿಲ್ಲ. ಊಟವಾದ ಮೇಲೆ ಮಾತು ತೆಗೆಯಿರಿ. “ನನಗೆ ಹೀಗಾದರೆ ಯಂತ್ರಕ್ಕೆ ಹಾಕುತ್ತೀರಾ?” ಎಂದು ನಿಮ್ಮ ಬಗ್ಗೆಯೇ ಮೊದಲು ಕೇಳಿದರೆ ಉಳಿದವರ ಬಾಯಿ ತಾನಾಗಿ ತೆರೆಯುತ್ತದೆ.

ಒಬ್ಬರು ಚೀಟಿ ಕಳುಹಿಸಿದ್ದಾರೆ: “ಬರೆದ ಮೇಲೆ ಮನಸ್ಸು ಬದಲಾದರೆ?” ಬದಲಾಗಲಿ. ಎಷ್ಟು ಸಲ ಬೇಕಾದರೂ ತಿದ್ದಬಹುದು, ಪೂರ್ತಿ ರದ್ದುಮಾಡಬಹುದು, ಆದರೆ ಅದೂ ಬರಹದಲ್ಲೇ ಇರಬೇಕು. ಹೊಸದನ್ನು ಮಾಡಿಸಿದ ದಿನವೇ ಹಳೆಯ ಪ್ರತಿಗಳು ಯಾರ ಯಾರ ಬಳಿ ಇವೆಯೋ ಅವರಿಂದ ವಾಪಸು ಪಡೆದು ಹರಿದುಹಾಕಿ. ಇಲ್ಲದಿದ್ದರೆ ನಾಳೆ ಐಸಿಯು ಬಾಗಿಲಲ್ಲಿ ಅಣ್ಣ ಒಂದು ಪತ್ರ, ತಮ್ಮ ಇನ್ನೊಂದು ಪತ್ರ ಹಿಡಿದು ನಿಲ್ಲುತ್ತಾರೆ.